ಬಾಯಿ ತೆರೆಯದೆ ಆಡುವ ಮಾತು

ಅಕ್ಕಂದಿರೇ, ಬೆಳಗ್ಗೆ ಎದ್ದ ಕೂಡಲೇ ನೀವು ಏನು ಮಾಡುತ್ತೀರಿ? ಬಾಗಿಲು ತೆರೆದು, ಮುಂದೆ ಗುಡಿಸಿ, ನೀರು ಹಾಕಿ, ಎರಡೆಳೆ ರಂಗೋಲಿ ಬಿಡುತ್ತೀರಿ. ದಿನಾ ಮಾಡುವ ಕೆಲಸ. ಅದರಲ್ಲಿ ಒಂದು ಮಾತು ಇದೆ ಅಂತ ನಮಗೆ ಅನ್ನಿಸುವುದೇ ಇಲ್ಲ.

ವಿಜಯನಗರದ ನಮ್ಮ ಬೀದಿಯಲ್ಲಿ ಒಂದು ದಿನ ಹೀಗಾಯಿತು. ಎದುರು ಸಾಲಿನ ಒಂದು ಮನೆಯ ಮುಂದೆ ರಂಗೋಲಿ ಇರಲಿಲ್ಲ. ನೀರೂ ಹಾಕಿರಲಿಲ್ಲ. ದಿನಾ ಆ ಬಾಗಿಲಲ್ಲಿ ನಿಂತು ಕೂಗುತ್ತಿದ್ದ ಹೂವಿನಮ್ಮ ಕೂಗದೆ ಮುಂದೆ ಹೋದರು. ತರಕಾರಿ ಗಾಡಿಯವನು ದನಿ ತಗ್ಗಿಸಿದ. ಪಕ್ಕದ ಮನೆಯವರು ರೇಡಿಯೋ ಆರಿಸಿದರು. ಯಾರೂ ಯಾರಿಗೂ ಏನೂ ಹೇಳಿರಲಿಲ್ಲ. ಆದರೂ ಎಲ್ಲರಿಗೂ ಗೊತ್ತಾಗಿತ್ತು. ಆ ಮನೆಯ ಅಜ್ಜಿ ರಾತ್ರಿ ತೀರಿಕೊಂಡಿದ್ದರು.

ನೋಡಿ, ರಂಗೋಲಿ ಇದ್ದರೆ ಒಂದು ಮಾತು. ಇಲ್ಲದಿದ್ದರೆ ಇನ್ನೊಂದು ಮಾತು.

ಇದನ್ನು ನಾವು ಸಂಜೆ ತರಗತಿಯಲ್ಲಿ ಹೇಳಿದೆವು. "ನೀವೆಲ್ಲ ನಮಗೆ ಓದೋಕೆ ಬರ್ತಾ ಇರಲಿಲ್ಲ ಅಂತೀರಲ್ಲ, ಅಕ್ಷರ ಕಲಿಯೋ ಮೊದಲು ನೀವು ಏನೇನು ಓದ್ತಾ ಇದ್ರಿ, ಹೇಳಿ ನೋಡೋಣ" ಅಂದೆವು. ಮೊದಲು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಒಬ್ಬರು, "ಕುಕ್ಕರ್ ಸೀಟಿ, ಮೇಡಂ" ಅಂದರು. ಎಲ್ಲರೂ ನಕ್ಕರು. ಅದು ನಿಜವೇ. ಅನ್ನಕ್ಕೆ ಎಷ್ಟು ಸೀಟಿ, ಬೇಳೆಗೆ ಎಷ್ಟು ಸೀಟಿ ಅಂತ ಎಲ್ಲರಿಗೂ ಗೊತ್ತು. ಇನ್ನೊಬ್ಬರು ಬಸ್ಸಿನ ಕಂಡಕ್ಟರ್ ಸೀಟಿ ನೆನಪಿಸಿದರು. ಒಂದು ಸೀಟಿ ಊದಿದರೆ ನಿಲ್ಲಿಸು, ಎರಡು ಊದಿದರೆ ಹೊರಡು. ಮೂಲೆಯಲ್ಲಿ ಕೂತಿದ್ದ ಸೊಸೆಯೊಬ್ಬಳು ಮೆಲ್ಲಗೆ ಹೇಳಿದಳು: "ನಮ್ಮತ್ತೆ ಪಾತ್ರೆ ಇಡೋ ಸದ್ದಿನಲ್ಲೇ ನಂಗೆ ಗೊತ್ತಾಗುತ್ತೆ, ಇವತ್ತು ಸಿಟ್ಟಿದೆ ಅಂತ." ಅವತ್ತು ಪಾಠ ಶುರುವಾಗಲು ಬಹಳ ಹೊತ್ತಾಯಿತು.

ಆದರೆ ಮಾತಿಲ್ಲದ ಮಾತು ಎಲ್ಲವೂ ನಗುವಂಥದ್ದಲ್ಲ. ಅರಿಶಿನ ಕುಂಕುಮದ ತಟ್ಟೆ ಸಾಲಾಗಿ ಬರುತ್ತದೆ. ಎಲ್ಲರ ಮುಂದೆ ನಿಲ್ಲುತ್ತದೆ. ಗಂಡ ಸತ್ತ ಹೆಂಗಸಿನ ಮುಂದೆ ಮಾತ್ರ ನಿಲ್ಲದೆ ಮುಂದೆ ಹೋಗುತ್ತದೆ. ತಟ್ಟೆ ಹಿಡಿದವಳು ಒಂದು ಮಾತೂ ಆಡಿರುವುದಿಲ್ಲ. ಕೇಳಿದರೆ, "ನಾನೇನಂದೆ?" ಅನ್ನುತ್ತಾಳೆ. ಅಂದಿರುವುದಿಲ್ಲ, ನಿಜ. ಆದರೆ ಕುಳಿತವಳಿಗೆ ಅದು ಪೂರಾ ಕೇಳಿಸಿರುತ್ತದೆ. ನಮ್ಮ ತರಗತಿಯಲ್ಲಿ ಇಂಥ ಮೂವರು ಇದ್ದಾರೆ. ಈಗ ನಮ್ಮಲ್ಲಿ ಯಾವ ಹಬ್ಬ ಮಾಡಿದರೂ ತಟ್ಟೆ ಎಲ್ಲರ ಮುಂದೆಯೂ ನಿಲ್ಲುತ್ತದೆ. ಬೇಡ ಅನ್ನುವವರು ಅವರೇ ಬೇಡ ಅನ್ನಲಿ.

ಮುಖ ಒಂದೇ, ತಲೆ ಬೇರೆ ಬೇರೆ

ನಗು, ಅಳು, ಸಿಟ್ಟು, ಹೆದರಿಕೆ ಇವನ್ನು ನಾವು ಯಾರಿಂದ ಕಲಿತೆವು? ಯಾರೂ ಕಲಿಸಲಿಲ್ಲ. ಹುಟ್ಟುವಾಗಲೇ ಕಣ್ಣು ಕಾಣದ ಮಗುವೂ ಖುಷಿಯಾದರೆ ನಗುತ್ತದೆ. ಅದು ಯಾರ ನಗುವನ್ನೂ ನೋಡಿರುವುದಿಲ್ಲ.

ಅಮೆರಿಕದ ಪಾಲ್ ಎಕ್ಮನ್ ಎಂಬ ಮನಶ್ಶಾಸ್ತ್ರಜ್ಞ 1960ರ ದಶಕದಲ್ಲಿ ಪಪುವಾ ನ್ಯೂಗಿನಿ ಎಂಬ ದೂರದ ನಾಡಿಗೆ ಹೋದ. ಅಲ್ಲಿನ ಬೆಟ್ಟಗಳಲ್ಲಿ ಫೋರೆ ಎಂಬ ಜನ ಇದ್ದರು. ಸಿನಿಮಾ, ಪತ್ರಿಕೆ ಏನೂ ಕಾಣದವರು. ಅವರ ಮುಂದೆ ಅವನು ಬೇರೆ ದೇಶದವರ ಮುಖದ ಫೋಟೋಗಳನ್ನು ಇಟ್ಟ. "ಒಬ್ಬನ ಮಗು ಸತ್ತುಹೋಯಿತು. ಅವನ ಮುಖ ಯಾವುದು?" ಅಂತ ಕೇಳಿದ. "ಸ್ನೇಹಿತರು ಬಂದರು, ಖುಷಿಯಾಗಿದೆ. ಯಾವ ಮುಖ?" ಅಂತ ಕೇಳಿದ. ಹೆಚ್ಚಿನವರು ಸರಿಯಾದ ಫೋಟೋ ತೋರಿಸಿದರು. ಹೆದರಿಕೆ ಮತ್ತು ಆಶ್ಚರ್ಯ ಈ ಎರಡರಲ್ಲಿ ಮಾತ್ರ ಅವರಿಗೆ ಗೊಂದಲವಾಯಿತು. ಎಲ್ಲ ಪಂಡಿತರೂ ಇದನ್ನು ಪೂರ್ತಿ ಒಪ್ಪುವುದಿಲ್ಲ. ಆದರೂ ಮಗು ಕಳೆದುಕೊಂಡವರ ಮುಖ ಯಾವ ದೇಶದಲ್ಲಾದರೂ ತಾಯಂದಿರಿಗೆ ಗೊತ್ತಾಗುತ್ತದೆ ಅಂತ ನಮ್ಮ ನಂಬಿಕೆ.

ಆದರೆ ತಲೆ ಆಡಿಸುವುದು ಹಾಗಲ್ಲ. ಅದನ್ನು ಊರು ಕಲಿಸುತ್ತದೆ. ನಾವು ತಲೆಯನ್ನು ಆ ಕಡೆ ಈ ಕಡೆ ವಾಲಿಸಿ "ಆಯ್ತು" ಅನ್ನುತ್ತೇವೆ. ಹೊರದೇಶದವರಿಗೆ ಇದು ಅರ್ಥವೇ ಆಗುವುದಿಲ್ಲ. ಹೌದೋ ಅಲ್ಲವೋ ಅಂತ ಕಣ್ಣು ಕಣ್ಣು ಬಿಡುತ್ತಾರೆ. ಯುರೋಪಿನಲ್ಲಿ ಬಲ್ಗೇರಿಯ ಅಂತ ಒಂದು ದೇಶ ಇದೆ. ಅಲ್ಲಿ ತಲೆಯನ್ನು ಅಡ್ಡ ಆಡಿಸಿದರೆ ಹೌದು, ಮೇಲೆ ಕೆಳಗೆ ಆಡಿಸಿದರೆ ಇಲ್ಲ. ಅಲ್ಲಿಗೆ ನಾವು ಹೋಗಿ "ಇನ್ನೊಂದು ಸ್ವಲ್ಪ ಬಡಿಸಲಾ?" ಅಂದಾಗ ಬೇಡ ಅಂತ ತಲೆ ಅಡ್ಡ ಆಡಿಸಿದರೆ ನಮ್ಮ ಗತಿ ಏನಾಗಬೇಕು!

ಟವೆಲಿನ ಕೆಳಗೆ

ಹಳ್ಳಿಯಿಂದ ಬಂದ ಅಕ್ಕಂದಿರು ದನದ ಜಾತ್ರೆ ನೋಡಿರುತ್ತೀರಿ. ದೊಡ್ಡಬಳ್ಳಾಪುರದ ಹತ್ತಿರ ಘಾಟಿ ಸುಬ್ರಹ್ಮಣ್ಯದಲ್ಲಿ ಚಳಿಗಾಲದಲ್ಲಿ ದೊಡ್ಡ ದನದ ಜಾತ್ರೆ ಸೇರುತ್ತದೆ. ಇಂಥ ಜಾತ್ರೆಗಳಲ್ಲಿ ದಲ್ಲಾಳಿಯೂ ರೈತನೂ ಕೈ ಕೈ ಹಿಡಿದು, ಮೇಲೆ ಒಂದು ಟವೆಲ್ ಮುಚ್ಚಿಕೊಳ್ಳುತ್ತಾರೆ. ಒಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾರೆ. ಎಷ್ಟು ಬೆರಳು ಹಿಡಿದರು ಅನ್ನುವುದು ಲೆಕ್ಕ. ಸುತ್ತ ನೂರು ಜನ ನಿಂತಿದ್ದರೂ ಯಾರಿಗೂ ಕಾಣುವುದಿಲ್ಲ, ಕೇಳುವುದಿಲ್ಲ. ಒಪ್ಪದಿದ್ದರೆ ಒಬ್ಬ ಕೈ ಕಿತ್ತುಕೊಳ್ಳುತ್ತಾನೆ. ಒಪ್ಪಿದರೆ ಟವೆಲ್ ತೆಗೆಯುತ್ತಾರೆ.

ಇದರಲ್ಲಿ ಒಂದು ಜಾಣತನ ಇದೆ. ಒಂದು ಜೋಡಿ ಎತ್ತಿಗೆ ಎಷ್ಟು ಹೇಳಿದರು ಅಂತ ಗೊತ್ತಾದರೆ ಪಕ್ಕದವನೂ ಅಷ್ಟೇ ಕೇಳುತ್ತಾನೆ. ಗುಟ್ಟಾಗಿದ್ದರೆ ಪ್ರತಿ ವ್ಯಾಪಾರವೂ ಹೊಸದು. ಒಂದು ಅಪಾಯವೂ ಇದೆ. ಇಬ್ಬರ ಕೈಯನ್ನೂ ಬೇರೆ ಬೇರೆ ಹಿಡಿಯುವವನು ದಲ್ಲಾಳಿ. ಮಾರುವವನ ಬೆರಳು ಏನು ಹೇಳಿತು, ಕೊಳ್ಳುವವನ ಬೆರಳು ಏನು ಹೇಳಿತು ಅಂತ ಅವನಿಗೆ ಮಾತ್ರ ಗೊತ್ತು. ನಡುವೆ ಎಷ್ಟು ಜಾರಿತು ಅಂತ ಕೇಳುವವರು ಯಾರು?

ಕೈಗಳೇ ಭಾಷೆ

ಈಗ ಒಂದು ಮಗುವಿನ ವಿಷಯ ಹೇಳುತ್ತೇವೆ. ಇದನ್ನು ಹೇಳುವುದಕ್ಕೇ ಈ ಪಾಠ ಬರೆದೆವು ಅಂದರೂ ಸರಿ.

ನಮ್ಮ ತರಗತಿಗೆ ಅತ್ತಿಗುಪ್ಪೆ ಕಡೆಯಿಂದ ಒಬ್ಬ ತಾಯಿ ಬರುತ್ತಾರೆ. ನಾಲ್ಕು ಮನೆಯ ಕೆಲಸ ಮುಗಿಸಿ ಬರುತ್ತಾರೆ. ಜೊತೆಗೆ ಏಳು ವರ್ಷದ ಮಗಳು. ಮಗಳಿಗೆ ಕಿವಿ ಕೇಳುವುದಿಲ್ಲ. ಅಮ್ಮ ಸ್ಲೇಟಿನ ಮೇಲೆ ಬರೆಯುವಾಗ ಅವಳು ಪಕ್ಕದಲ್ಲಿ ಕೂತು ನೋಡುತ್ತಾಳೆ.

ಈ ಮಗುವಿಗೆ ಕೇಳುವುದಿಲ್ಲ ಅಂತ ಮನೆಯವರಿಗೆ ಗೊತ್ತಾಗಿದ್ದು ಮೂರು ವರ್ಷ ತುಂಬಿದ ಮೇಲೆ. ಅಷ್ಟು ತಡ ಯಾಕೆ? "ಪಾತ್ರೆ ಬಿದ್ರೆ ತಿರುಗಿ ನೋಡ್ತಿದ್ಲು ಮೇಡಂ. ಅದಕ್ಕೇ ಕೇಳ್ಸುತ್ತೆ ಅಂದ್ಕೊಂಡ್ವಿ" ಅಂದರು ತಾಯಿ. ಪಾತ್ರೆ ಬಿದ್ದರೆ ನೆಲ ಅದುರುತ್ತದೆ. ಮಗು ಆ ಅದುರಿಗೆ ತಿರುಗುತ್ತಿತ್ತು. ಎದುರಿಗೆ ಚಪ್ಪಾಳೆ ತಟ್ಟಿದರೆ ಕೈ ಆಡಿದ್ದು ಕಾಣುತ್ತದೆ, ಅದಕ್ಕೂ ತಿರುಗುತ್ತದೆ. "ಇವರಪ್ಪನೂ ಮಾತು ತಡವಾಗೇ ಕಲಿತಿದ್ದು" ಅಂತ ಅಜ್ಜಿ ಸಮಾಧಾನ ಹೇಳಿದರು. ಹೀಗೆ ಮೂರು ವರ್ಷ ಹೋಯಿತು.

ಅದಕ್ಕೇ ಇದನ್ನು ನೆನಪಿಡಿ. ಮಗು ಹುಟ್ಟಿದ ಮೊದಲ ತಿಂಗಳಲ್ಲೇ ಕಿವಿಯ ಪರೀಕ್ಷೆ ಮಾಡಿಸಬಹುದು. ಕಿವಿಯಲ್ಲಿ ಸಣ್ಣ ತುದಿಯೊಂದನ್ನು ಇಟ್ಟು ಯಂತ್ರದಿಂದ ನೋಡುತ್ತಾರೆ. ಕೆಲವೇ ನಿಮಿಷದ ಕೆಲಸ. ನೋವಿಲ್ಲ. ಮಗು ಮಲಗಿದ್ದಾಗಲೂ ಮಾಡಬಹುದು. ಅದರಲ್ಲಿ ಅನುಮಾನ ಬಂದರೆ ಮೂರು ತಿಂಗಳೊಳಗೆ ಪೂರ್ತಿ ಪರೀಕ್ಷೆ ಆಗಬೇಕು. ಆರು ತಿಂಗಳೊಳಗೆ ಚಿಕಿತ್ಸೆಯೋ ಕಲಿಕೆಯೋ ಶುರುವಾಗಬೇಕು. ಒಂದು, ಮೂರು, ಆರು. ಯಾಕೆ ಇಷ್ಟು ಅವಸರ ಅಂದರೆ, ಮಗುವಿನ ಮೆದುಳು ಭಾಷೆ ಹಿಡಿಯುವುದು ಮೊದಲ ಕೆಲವು ವರ್ಷಗಳಲ್ಲೇ. ದೊಡ್ಡ ಸರ್ಕಾರಿ ಆಸ್ಪತ್ರೆಗಳ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ವಿಚಾರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. 1965ರಲ್ಲಿ ಶುರುವಾದದ್ದು. ಕೇಳದ ಮಕ್ಕಳಿಗೆ, ಮಾತು ತೊದಲುವವರಿಗೆ ಇರುವ ದೊಡ್ಡ ಸಂಸ್ಥೆ.

ಮಗುವಿನ ವಿಷಯಕ್ಕೆ ಬರೋಣ. ತಾಯಿ ಮಗಳು ಇಬ್ಬರೇ ಕೂತು ಒಂದು ಭಾಷೆ ಕಟ್ಟಿಕೊಂಡಿದ್ದರು. ಕೆನ್ನೆಗೆ ಕೈ ಇಟ್ಟರೆ ನಿದ್ದೆ. ಮೀಸೆ ತಿರುವಿದರೆ ಅಪ್ಪ. ಮುಷ್ಟಿ ತಿರುಗಿಸಿದರೆ ಬೀಗ ಹಾಕು. ಬೆರಳಿನಿಂದ ಮೂಗು ಮುಟ್ಟಿದರೆ ಅಮ್ಮ, ಯಾಕಂದರೆ ಅಮ್ಮನಿಗೆ ಮೂಗುಬೊಟ್ಟು ಇದೆ.

ಇಲ್ಲಿ ನಮ್ಮ ತಪ್ಪನ್ನೂ ಹೇಳಬೇಕು. ನಾವು ಶಿಕ್ಷಕ ತರಬೇತಿ ಪಡೆದವರು. ಆದರೆ ಕೇಳದ ಮಕ್ಕಳ ವಿಷಯ ನಮಗೆ ಏನೂ ಗೊತ್ತಿರಲಿಲ್ಲ. "ಕೈ ಆಡಿಸೋಕೆ ಬಿಡಬೇಡಿ. ನಿಮ್ಮ ತುಟಿ ನೋಡೋಕೆ ಹೇಳಿ. ಇಲ್ಲದಿದ್ರೆ ಮಾತು ಕಲಿಯೋದೇ ಇಲ್ಲ" ಅಂತ ತಾಯಿಗೆ ಬುದ್ಧಿ ಹೇಳಿದೆವು. ಪಾಪ, ಮೇಡಂ ಹೇಳಿದ್ದಾರೆ ಅಂತ ಆಕೆ ಒಂದು ತಿಂಗಳು ಹಾಗೇ ಮಾಡಿದರು. ಮಗಳು ಕೈ ಎತ್ತಿದರೆ ಕೈ ಹಿಡಿದುಕೊಂಡರು. ಮಗು ಮಂಕಾಯಿತು. ನಮ್ಮನ್ನು ಕಂಡರೆ ಮುಖ ತಿರುಗಿಸತೊಡಗಿತು. ಅದೂ ಒಂದು ಮಾತೇ. ನಮಗೆ ಅರ್ಥವಾಗಲು ತಡವಾಯಿತು.

ಆಮೇಲೆ ಕೇಳದ ಮಕ್ಕಳಿಗೆ ಕಲಿಸುವ ಒಬ್ಬ ಶಿಕ್ಷಕಿ ಸಿಕ್ಕರು. ಅವರು ನಮ್ಮನ್ನು ಬೈಯಲಿಲ್ಲ. ಒಂದು ಚರಿತ್ರೆ ಹೇಳಿದರು. 1880ರಲ್ಲಿ ಇಟಲಿಯ ಮಿಲಾನ್ ಪಟ್ಟಣದಲ್ಲಿ ಹಲವು ದೇಶಗಳ ಶಿಕ್ಷಕರು ಸಭೆ ಸೇರಿದ್ದರಂತೆ. ಕೇಳದ ಮಕ್ಕಳಿಗೆ ಬಾಯಿಮಾತಿನಲ್ಲೇ ಕಲಿಸಬೇಕು, ಕೈಸನ್ನೆ ಬೇಡ ಅಂತ ಠರಾವು ಮಾಡಿದರು. ಸಭೆಯಲ್ಲಿ ಇದ್ದವರೆಲ್ಲ ಹೆಚ್ಚುಕಡಿಮೆ ಕಿವಿ ಕೇಳುವವರೇ. ಅದರ ಫಲವನ್ನು ಜಗತ್ತಿನ ಕೇಳದ ಮಕ್ಕಳು ನೂರು ವರ್ಷ ಉಂಡರು. ಶಾಲೆಗಳಲ್ಲಿ ಕೈಸನ್ನೆ ಮಾಡಿದರೆ ಶಿಕ್ಷೆ ಇತ್ತು. 2010ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಅಂಥದೇ ಸಭೆ ಸೇರಿದಾಗ ಆ ಹಳೆಯ ಠರಾವನ್ನು ತಿರಸ್ಕರಿಸಿ ವಿಷಾದ ಹೇಳಿದರು. ನಾವು ಅತ್ತಿಗುಪ್ಪೆಯ ಮಗುವಿಗೆ ಮಾಡಿದ್ದು ಮಿಲಾನಿನವರು ಮಾಡಿದ್ದೇ ಅಂತ ಅವತ್ತು ತಿಳಿಯಿತು.

ಆ ಶಿಕ್ಷಕಿಯಿಂದ ಇನ್ನೂ ಕೆಲವು ವಿಷಯ ಕಲಿತೆವು. ಕೈಸನ್ನೆ ಬರೀ ಅಣಕವಲ್ಲ. ಅದು ಪೂರಾ ಭಾಷೆ. ಅದಕ್ಕೆ ವ್ಯಾಕರಣ ಇದೆ. ನಮ್ಮ ದೇಶದಲ್ಲಿ ಬಳಸುವುದಕ್ಕೆ ಭಾರತೀಯ ಸಂಜ್ಞಾ ಭಾಷೆ ಅಂತ ಹೆಸರು. ಅಮೆರಿಕದವರೂ ಇಂಗ್ಲೆಂಡಿನವರೂ ಆಡುವುದು ಇಂಗ್ಲಿಷೇ. ಆದರೆ ಅವರ ಸಂಜ್ಞಾ ಭಾಷೆಗಳು ಬೇರೆ ಬೇರೆ. ಒಬ್ಬರದು ಒಬ್ಬರಿಗೆ ಸುಲಭಕ್ಕೆ ತಿಳಿಯುವುದಿಲ್ಲ.

ಭಾರತೀಯ ಸಂಜ್ಞಾ ಭಾಷೆಯಲ್ಲಿ "ಹೆಂಗಸು" ಅನ್ನುವುದಕ್ಕೆ ಏನು ಮಾಡುತ್ತಾರೆ ಗೊತ್ತೆ? ಮೂಗುಬೊಟ್ಟು ಇರುವ ಜಾಗಕ್ಕೆ ತೋರುಬೆರಳು ಮುಟ್ಟಿಸುತ್ತಾರೆ! ಆ ತಾಯಿಗೆ ಇದು ಗೊತ್ತಾದಾಗ ಕಣ್ಣಲ್ಲಿ ನೀರು ಬಂತು. ಅವರ ಮಗಳು ಯಾರಿಂದಲೂ ಕಲಿಯದೆ ಅದನ್ನೇ ಮಾಡುತ್ತಿದ್ದಳು. "ಗಂಡಸು" ಅನ್ನುವುದಕ್ಕೆ ಮೀಸೆ.

"ನಿನ್ನ ಹೆಸರೇನು?" ಅಂತ ಕೇಳುವಾಗ ಕೈಗಳು ಮೊದಲು "ನಿನ್ನ" ಅನ್ನುತ್ತವೆ, ಆಮೇಲೆ "ಹೆಸರು", ಕೊನೆಗೆ "ಏನು". ನಮ್ಮ ಕನ್ನಡದ ಹಾಗೇ! ಇಂಗ್ಲಿಷಿನಲ್ಲಿ "ಏನು" ಮೊದಲು ಬರುತ್ತದೆ. ಇನ್ನೊಂದು ಚೆಂದ ನೋಡಿ. "ಊಟ ಆಯಿತು" ಅನ್ನುವುದನ್ನು "ಊಟ ಆಯಿತಾ?" ಮಾಡಬೇಕಾದರೆ ನಾವು ದನಿ ಏರಿಸುತ್ತೇವೆ. ಅವರು ಹುಬ್ಬು ಏರಿಸುತ್ತಾರೆ. ಹುಬ್ಬೇ ಅವರ ಪ್ರಶ್ನೆ ಚಿಹ್ನೆ. ಅದಕ್ಕೇ ಕೇಳದವರ ಜೊತೆ ಮಾತಾಡುವಾಗ ಮುಖ ತಿರುಗಿಸಬಾರದು. ನಾವು ಮುಖ ತಿರುಗಿಸಿದರೆ ಅವರ ಪಾಲಿಗೆ ನಮ್ಮ ಅರ್ಧ ಮಾತು ಹೋಯಿತು.

ಭಾಷೆಯನ್ನು ಮಕ್ಕಳೇ ಹುಟ್ಟಿಸಿದ ಕತೆಯೂ ಉಂಟು. ಅಮೆರಿಕ ಖಂಡದ ನಡುವೆ ನಿಕರಾಗುವ ಎಂಬ ಸಣ್ಣ ದೇಶ ಇದೆ. 1970ರ ದಶಕದ ಕೊನೆಯಲ್ಲಿ ಅಲ್ಲಿ ಕೇಳದ ಮಕ್ಕಳನ್ನು ದೊಡ್ಡ ಸಂಖ್ಯೆಯಲ್ಲಿ ಒಂದು ಶಾಲೆಗೆ ಸೇರಿಸಿದರು. ಮೇಷ್ಟ್ರುಗಳು ತುಟಿ ಓದುವುದನ್ನು ಕಲಿಸಲು ಹೋದರು. ಅದು ಮಕ್ಕಳಿಗೆ ಹತ್ತಲಿಲ್ಲ. ಆದರೆ ಆಟದ ಬಯಲಲ್ಲಿ, ಬಸ್ಸಿನಲ್ಲಿ, ಒಬ್ಬೊಬ್ಬರ ಮನೆಯ ಸನ್ನೆಗಳು ಕಲೆತವು. ಚಿಕ್ಕ ಮಕ್ಕಳು ಬಂದ ಹಾಗೆ ಅದು ಇನ್ನೂ ಬೆಳೆಯಿತು. ಕೆಲವು ವರ್ಷಗಳಲ್ಲಿ ಒಂದು ಹೊಸ ಭಾಷೆಯೇ ಆಯಿತು. ಇವತ್ತೂ ಅದು ಬಳಕೆಯಲ್ಲಿದೆ. ಒಂದು ಮಗು ಒಂಟಿಯಾಗಿದ್ದರೆ ಹತ್ತಿಪ್ಪತ್ತು ಸನ್ನೆ. ಐವತ್ತು ಮಕ್ಕಳು ಕೂಡಿದರೆ ಭಾಷೆ.

ನಮ್ಮ ದೇಶದಲ್ಲಿ 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರುವಾಯಿತು. ಅವರು ಸಂಜ್ಞೆಗಳ ನಿಘಂಟು ಮಾಡಿದ್ದಾರೆ. 2021ರ ಹೊತ್ತಿಗೆ ಅದರಲ್ಲಿ 10,000 ಪದ ಇದ್ದವು. ಅದು ವಿಡಿಯೋ ನಿಘಂಟು. ಮೊಬೈಲಿನಲ್ಲಿ ನೋಡಬಹುದು, ಹಣ ಕೊಡಬೇಕಾಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ ಸಂಜ್ಞಾ ಭಾಷೆಯ ಮಾತು ಬಂದಿದೆ. ಪ್ರತಿ ವರ್ಷ ಸೆಪ್ಟೆಂಬರ್ 23 ಅಂತರರಾಷ್ಟ್ರೀಯ ಸಂಜ್ಞಾ ಭಾಷೆಗಳ ದಿನ.

ಒಂದು ಸಣ್ಣ ಮಾತು. "ಕಿವುಡಿ", "ಮೂಗಿ" ಅಂತ ಕೂಗುವುದನ್ನು ಬಿಡೋಣ. ಆ ಮಗುವಿಗೆ ಹೆಸರಿದೆ. ಆ ಹೆಸರಿಗೆ ಒಂದು ಸಂಜ್ಞೆಯೂ ಈಗ ಇದೆ.

ಗುರುತು, ಗೆರೆ, ಬಣ್ಣ

ಅಕ್ಷರ ಬಾರದವರಿಗಾಗಿ ನಮ್ಮ ದೇಶ ಮಾಡಿದ ಒಂದು ದೊಡ್ಡ ಕೆಲಸ ಚುನಾವಣೆಯ ಚಿಹ್ನೆ. 1951ರಲ್ಲಿ ಭಾರತದಲ್ಲಿ ನೂರು ಜನರಲ್ಲಿ ಓದು ಬರುತ್ತಿದ್ದವರು 18 ಮಂದಿ. ಹೆಂಗಸರಲ್ಲಿ ನೂರಕ್ಕೆ 9 ಮಂದಿ. 1951-52ರಲ್ಲಿ ಮೊದಲ ಮಹಾಚುನಾವಣೆ ಬಂತು. ಹೆಸರು ಓದಲು ಬಾರದವರು ಓಟು ಹಾಕುವುದು ಹೇಗೆ? ಪ್ರತಿ ಅಭ್ಯರ್ಥಿಗೂ ಬೇರೆ ಪೆಟ್ಟಿಗೆ ಇಟ್ಟರು. ಪೆಟ್ಟಿಗೆಯ ಮೇಲೆ ಚಿತ್ರ ಅಂಟಿಸಿದರು. ಚಿತ್ರ ನೋಡಿ ಚೀಟಿ ಹಾಕಿದರೆ ಆಯಿತು.

ಆದರೆ ಚಿತ್ರ ಸಾಲದೇ ಹೋದ ಜಾಗವೂ ಒಂದಿತ್ತು. ಮತದಾರರ ಪಟ್ಟಿ ಬರೆಯಲು ಬಂದವರಿಗೆ ಉತ್ತರ ಭಾರತದ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. "ಇಂಥವನ ಹೆಂಡತಿ", "ಇಂಥವನ ತಾಯಿ" ಅಂತ ಬರೆಸಿದರು. ಆಗ ಚುನಾವಣಾ ಆಯುಕ್ತರಾಗಿದ್ದವರು ಸುಕುಮಾರ ಸೇನ್. ಹೆಸರೇ ಬೇಕು ಅಂತ ಅವರು ಪಟ್ಟು ಹಿಡಿದರು. ಕೊನೆಗೆ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಬಿಡಬೇಕಾಯಿತು. ತರಗತಿಯಲ್ಲಿ ಮೊದಲ ದಿನ ನಿಮ್ಮ ಕೈಯಲ್ಲಿ ನಿಮ್ಮ ಹೆಸರನ್ನೇ ಬರೆಸಿದ್ದು ಯಾಕೆ ಅಂತ ಕೆಲವರು ಕೇಳಿದ್ದಿರಿ.

ಓಟು ಹಾಕಿದ ಮೇಲೆ ಎಡಗೈ ತೋರುಬೆರಳಿಗೆ ಹಚ್ಚುವ ಶಾಯಿ ಇದೆಯಲ್ಲ, ಅದು ನಮ್ಮ ಮೈಸೂರಿನದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆ ಕಟ್ಟಿದರು. ಈಗ ಅದರ ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಲಿಮಿಟೆಡ್. ರಾಜ್ಯ ಸರ್ಕಾರದ ಕಾರ್ಖಾನೆ. 1962ರ ಚುನಾವಣೆಯಿಂದ ಇಡೀ ದೇಶದ ಬೆರಳಿಗೆ ಶಾಯಿ ಅಲ್ಲಿಂದ ಹೋಗುತ್ತದೆ. ಹೊರದೇಶಗಳೂ ತರಿಸಿಕೊಳ್ಳುತ್ತವೆ. ಅದರಲ್ಲಿ ಬೆಳ್ಳಿಯ ಒಂದು ಲವಣ ಇರುತ್ತದೆ. ಬೆಳಕು ಬಿದ್ದ ಹಾಗೆ ಕಪ್ಪಾಗುತ್ತದೆ. ಸೋಪಿಗೆ ಹೋಗುವುದಿಲ್ಲ. ಪಾತ್ರೆ ತಿಕ್ಕುವ ನಮ್ಮ ಕೈಗೂ ಅದು ಜಗ್ಗುವುದಿಲ್ಲ!

ಮನೆಯೊಳಗಿನ ಗುರುತುಗಳಿಗೆ ಬನ್ನಿ. ಮಾತ್ರೆಯ ಹಾಳೆಯ ಹಿಂದೆ ಮೇಲಿಂದ ಕೆಳಗೆ ಒಂದು ಕೆಂಪು ಗೆರೆ ಇದ್ದರೆ, ಡಾಕ್ಟರು ಬರೆದುಕೊಡದೆ ಅದನ್ನು ತಿನ್ನಬಾರದು ಅಂತ ಅರ್ಥ. ಪಕ್ಕದ ಮನೆಯವರಿಗೆ ಅದರಿಂದ ವಾಸಿಯಾಯಿತು ಅಂತ ನಾವು ತಿನ್ನುವ ಹಾಗಿಲ್ಲ.

ಇನ್ನು ಹಸಿರು ಬಣ್ಣ. ಇದು ಮೋಸ ಮಾಡುವ ಬಣ್ಣ, ಹುಷಾರು. ಬಿಸ್ಕತ್ತಿನ ಪೊಟ್ಟಣದ ಮೇಲೆ ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ. ಕಂದು ಬಣ್ಣದ ಗುರುತಿದ್ದರೆ ಮಾಂಸಾಹಾರ. ಆದರೆ ಕೀಟನಾಶಕದ ಡಬ್ಬಿಯ ಮೇಲೂ ಬಣ್ಣದ ತ್ರಿಕೋನ ಇರುತ್ತದೆ. ಕೆಂಪು ಅಂದರೆ ಅತಿ ಘೋರ ವಿಷ. ಹಳದಿ ಅದಕ್ಕಿಂತ ಸ್ವಲ್ಪ ಕಡಿಮೆ. ನೀಲಿ ಇನ್ನೂ ಕಡಿಮೆ. ಹಸಿರು ಎಲ್ಲಕ್ಕಿಂತ ಕಡಿಮೆ. ಕಡಿಮೆ ಅಂದರೆ ವಿಷ ಅಲ್ಲ ಅಂತಲ್ಲ! ಹಸಿರು ತ್ರಿಕೋನದ ಡಬ್ಬಿಯನ್ನೂ ಮಕ್ಕಳ ಕೈಗೆ ಸಿಗದ ಜಾಗದಲ್ಲಿ ಇಡಬೇಕು. ಅಡುಗೆ ಎಣ್ಣೆಯ ಪಕ್ಕ ಇಡಲೇಬಾರದು.

ನಮ್ಮ ವಿಜಯನಗರದ ಮೆಟ್ರೋ ನಿಲ್ದಾಣ 2015ರ ನವೆಂಬರಿನಲ್ಲಿ ತೆರೆಯಿತು. ಅದು ನೇರಳೆ ಮಾರ್ಗದಲ್ಲಿದೆ. ಅಲ್ಲಿ ನೆಲದ ಮೇಲೆ ಹಳದಿ ಹಾಸುಬಿಲ್ಲೆ ನೋಡಿದ್ದೀರಾ? ಬರೀ ಅಲಂಕಾರ ಅಲ್ಲ. ಅದು ಕಣ್ಣು ಕಾಣದವರು ಕಾಲಿನಿಂದಲೂ ಕೋಲಿನಿಂದಲೂ ಓದುವ ಅಕ್ಷರ. ಉದ್ದ ಉದ್ದ ಗೆರೆ ಇದ್ದರೆ ಮುಂದೆ ನಡೆ. ಉಬ್ಬಿದ ಗುಂಡು ಚುಕ್ಕೆ ಇದ್ದರೆ ನಿಲ್ಲು, ಮುಂದೆ ಮೆಟ್ಟಿಲೋ ಅಂಚೋ ತಿರುವೋ ಇದೆ. ಅದರ ಮೇಲೆ ಚೀಲ ಇಟ್ಟುಕೊಂಡು ಕೂರುವವರಿಗೆ ಇದು ಗೊತ್ತಿರುವುದಿಲ್ಲ. ನಾವೂ ಕೂತಿದ್ದೆವು.

ಈ ಸನ್ನೆ ಕಲಿಯಿರಿ

ಕೊನೆಗೆ ಒಂದು ಸನ್ನೆ. ಇದು ಹೊಸದು. 2020ರಲ್ಲಿ ಕೊರೊನಾ ಬಂದು ಎಲ್ಲರೂ ಮನೆಯೊಳಗೆ ಸಿಕ್ಕಿಕೊಂಡಾಗ, ಹೊಡೆಯುವ ಗಂಡಸರ ಜೊತೆಗೇ ಎಷ್ಟೋ ಹೆಂಗಸರು ಇಡೀ ದಿನ ಇರಬೇಕಾಯಿತು. ಫೋನು ಮಾಡಿದರೂ ಅವನು ಪಕ್ಕದಲ್ಲೇ ಕೂತಿರುತ್ತಾನೆ. ಬಾಯಿ ಬಿಡುವ ಹಾಗಿಲ್ಲ. ಆಗ ಕೆನಡಾ ದೇಶದ ಒಂದು ಮಹಿಳಾ ಪ್ರತಿಷ್ಠಾನ ಈ ಸನ್ನೆಯನ್ನು ಬಳಕೆಗೆ ತಂದಿತು. ವಿಡಿಯೋ ಕಾಲ್‌ನಲ್ಲಿ, ಕಿಟಕಿಯಲ್ಲಿ, ದಾರಿಯಲ್ಲಿ ಒಂದೇ ಕೈಯಲ್ಲಿ ಮಾಡಬಹುದು.

ಅಂಗೈಯನ್ನು ಎದುರಿನವರಿಗೆ ತೋರಿಸಿ. ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ. ಉಳಿದ ನಾಲ್ಕು ಬೆರಳನ್ನು ಅದರ ಮೇಲೆ ಮುಚ್ಚಿ. ಅಷ್ಟೇ. "ನನಗೆ ಸಹಾಯ ಬೇಕು, ಬಾಯಿ ಬಿಡಲಾರೆ" ಅಂತ ಅರ್ಥ.

2021ರ ನವೆಂಬರಿನಲ್ಲಿ ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಒಂದು ಕಾರಿನೊಳಗಿಂದ ಹದಿನಾರು ವರ್ಷದ ಹುಡುಗಿ ಈ ಸನ್ನೆ ಮಾಡಿದಳು. ಹಿಂದಿನ ಗಾಡಿಯವರು ಅದನ್ನು ಗುರುತಿಸಿ ಪೊಲೀಸರಿಗೆ ಫೋನು ಮಾಡಿದರು. ಕಾರನ್ನು ತಡೆದು ಹುಡುಗಿಯನ್ನು ಬಿಡಿಸಿದರು. ಸನ್ನೆ ಮಾಡುವುದು ಅವಳಿಗೆ ಗೊತ್ತಿತ್ತು. ನೋಡುವವರಿಗೂ ಗೊತ್ತಿತ್ತು. ಎರಡೂ ಬೇಕು. ನಮ್ಮ ಊರಿನಲ್ಲಿ ಇನ್ನೂ ಬಹಳ ಜನಕ್ಕೆ ಇದು ಗೊತ್ತಿಲ್ಲ. ಅದಕ್ಕೇ ಮನೆಗೆ ಹೋಗಿ ಮಗಳಿಗೆ, ತಂಗಿಗೆ, ಓರಗಿತ್ತಿಗೆ ತೋರಿಸಿ. ಗಂಡುಮಕ್ಕಳಿಗೂ ತೋರಿಸಿ.

ಯಾರಾದರೂ ನಿಮಗೆ ಈ ಸನ್ನೆ ಮಾಡಿದರೆ ಅಲ್ಲೇ ಕೂಗಾಡಬೇಡಿ. "ಏನಾಯ್ತೇ?" ಅಂತ ಎಲ್ಲರೆದುರು ಕೇಳಬೇಡಿ. ಹೊಡೆಯುವವನಿಗೆ ತಿಳಿದರೆ ಅವಳಿಗೇ ಕಷ್ಟ. ಆಮೇಲೆ ಬೇರೆ ನೆಪದಲ್ಲಿ ಮಾತಾಡಿಸಿ. ಹೌದು, ಇಲ್ಲ ಅಂತ ಉತ್ತರ ಕೊಡುವ ಹಾಗೆ ಕೇಳಿ: "ನಾನು ಬರಲಾ? ಫೋನು ಮಾಡಲಾ?" ಪ್ರಾಣಕ್ಕೆ ಅಪಾಯ ಇದೆ ಅನ್ನಿಸಿದರೆ ಕಾಯಬೇಡಿ. ಪೊಲೀಸರಿಗೆ 112. ಮಹಿಳಾ ಸಹಾಯವಾಣಿಗೆ 181. ಎರಡಕ್ಕೂ ದುಡ್ಡಿಲ್ಲ. ಈ ಎರಡು ಸಂಖ್ಯೆಗಳನ್ನು ಇವತ್ತೇ ನಿಮ್ಮ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಳ್ಳಿ.

ನಾವು ಈ ಸನ್ನೆಯನ್ನು ತರಗತಿಯಲ್ಲಿ ಕಲಿಸಿದ ದಿನ ಎಲ್ಲರೂ ಕೈ ಎತ್ತಿ ಮಾಡಿದರು. ಕೆಲವರು ಹೆಬ್ಬೆರಳನ್ನು ಹೊರಗೇ ಬಿಟ್ಟು ಮುಷ್ಟಿ ಕಟ್ಟಿದರು. ಅತ್ತಿಗುಪ್ಪೆಯ ಆ ಮಗು ಎದ್ದು ಬಂದು, ಒಬ್ಬೊಬ್ಬರ ಕೈ ಹಿಡಿದು, ಹೆಬ್ಬೆರಳನ್ನು ಮೊದಲು ಒಳಗೆ ಮಡಿಸಿ, ಆಮೇಲೆ ಉಳಿದ ಬೆರಳು ಮುಚ್ಚಿಸಿದಳು. ನಮ್ಮ ಕೈಯನ್ನೂ ಸರಿ ಮಾಡಿದಳು.